ಮಾಡೆಲ್‌ನಲ್ಲಿ ರಿಂಗ್ ಬಿಚ್ಚೋದೇ ಇಲ್ಲ ಸ್ವಾಮಿ!

ಸ್ನೇಹಿತರೇ, ಇವತ್ತು ಸ್ವಲ್ಪ ಜಗಳದ ಮೂಡಿನಲ್ಲಿದೀನಿ. ಸಿವಿಲ್ ಓದಿ ಸಾಫ್ಟ್‌ವೇರ್ ಸೇರಿದವರಲ್ಲಿ ನಾನೂ ಒಬ್ಬ. ಕಂಪ್ಯೂಟರ್ ಮೇಲೆ ದ್ವೇಷ ಇಲ್ಲ, ಅನ್ನ ಹಾಕೋದೇ ಅದು. ಆದರೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕಟ್ಟಿಸೋರು "ಡಿಸೈನ್ ಎಲ್ಲಾ ಸಾಫ್ಟ್‌ವೇರ್‌ನ್ಯಾಗ ಮಾಡಿಸೇವ್ರೀ, ಚಿಂತಿ ಇಲ್ಲ" ಅಂದಾಗ ಮೈ ಉರಿಯುತ್ತೆ.

ಯಾಕೆ ಅಂತ ಹೇಳ್ತೀನಿ. ಅಮರಗೋಳದ ಎಪಿಎಂಸಿಯಲ್ಲಿ ಚೀಲಗಳನ್ನ ಒಂದರ ಮೇಲೊಂದು ಒಟ್ಟಿರೋದು ನೋಡಿರ್ತೀರಿ. ತಳದ ಚೀಲ ಅಷ್ಟು ಭಾರ ಹೊರೋದು ಕಾಳಿನ ಶಕ್ತಿಯಿಂದಲ್ಲ, ಗೋಣಿ ಕಾಳನ್ನ ಪಕ್ಕಕ್ಕೆ ಸರಿಯೋಕೆ ಬಿಡಲ್ಲ, ಅದಕ್ಕೆ. ಹೊಲಿಗೆ ಬಿಚ್ಚಿದರೆ ಮುಗೀತು.

ಕಾಲಂ ಕೂಡ ಹಾಗೇ. ಮೇಲಿಂದ ಒತ್ತಿದರೆ ಕಾಂಕ್ರೀಟ್ ಪಕ್ಕಕ್ಕೆ ಉಬ್ಬುತ್ತೆ. ಅದನ್ನ ಬಿಗಿಹಿಡಿಯೋದು ಉದ್ದ ರಾಡುಗಳ ಸುತ್ತ ಕಟ್ಟೋ ರಿಂಗು. ಅಮೆರಿಕದಲ್ಲಿ ರಿಚರ್ಟ್ ಮತ್ತು ಜೊತೆಗಾರರು 1928ರಲ್ಲೇ ತೋರಿಸಿದ್ದರು: ಸುತ್ತಲಿಂದ ಒಂದು ಪಾಲು ಒತ್ತಡ ಕೊಟ್ಟರೆ ಕಾಂಕ್ರೀಟಿನ ತಾಕತ್ತು ಸುಮಾರು ನಾಲ್ಕು ಪಾಲು ಹೆಚ್ಚುತ್ತೆ. ರಿಂಗು ಕಟ್ಟಿದ ಕಾಲಂಗೆ ಈ ಲೆಕ್ಕವನ್ನ ಹೊಂದಿಸಿ ಮ್ಯಾಂಡರ್, ಪ್ರೀಸ್ಟ್ಲಿ, ಪಾರ್ಕ್ ಮೂವರೂ 1988ರಲ್ಲಿ ಕೊಟ್ಟ ಸೂತ್ರವನ್ನ ಇವತ್ತಿಗೂ ಬಳಸ್ತಾರೆ. ತಾಕತ್ತಿಗಿಂತ ದೊಡ್ಡ ಲಾಭ ಇನ್ನೊಂದಿದೆ. ಚೆನ್ನಾಗಿ ಬಿಗಿದ ಕಾಲಂ ಒಮ್ಮೆಲೇ ಪುಡಿಯಾಗಲ್ಲ. ಬಿರುಕು ಬಿಟ್ಟು, ಬಾಗಿ, ಒಳಗಿದ್ದವರಿಗೆ ಓಡೋಕೆ ಟೈಮ್ ಕೊಡುತ್ತೆ.

ಈಗ ಫೈನೈಟ್ ಎಲಿಮೆಂಟ್ ಮಾಡೆಲ್‌ಗೆ ಬರೋಣ. ಅಬಾಕಸ್‌ನಂಥ ಸಾಫ್ಟ್‌ವೇರ್‌ನಲ್ಲಿ ಸಾಮಾನ್ಯವಾಗಿ ಏನ್ ಮಾಡ್ತಾರೆ? ರಿಂಗನ್ನ ನಾಲ್ಕು ಗೆರೆಯ ಮುಚ್ಚಿದ ಚೌಕ ಅಂತ ಎಳೀತಾರೆ, ಕಾಂಕ್ರೀಟಿನೊಳಗೆ ಹುದುಗಿಸ್ತಾರೆ. ಅಲ್ಲಿ ಕೊಕ್ಕೆ ಅನ್ನೋದೇ ಇಲ್ಲ. ಇಲ್ಲದ ಕೊಕ್ಕೆ ಬಿಚ್ಚೋದಾದರೂ ಹೇಗೆ? ಸಾಲದ್ದಕ್ಕೆ ಕೆಲವರು ಕಾಂಕ್ರೀಟಿಗೆ ಮ್ಯಾಂಡರ್ ಸೂತ್ರದ ಹೆಚ್ಚಿದ ತಾಕತ್ತನ್ನೂ ಕೊಟ್ಟು, ಮೇಲೆ ರಿಂಗನ್ನೂ ಇಡ್ತಾರೆ. ಒಂದೇ ಬಿಗಿತಕ್ಕೆ ಎರಡು ಸಲ ಮಾರ್ಕು! ಬಣ್ಣಬಣ್ಣದ ಚಿತ್ರ ಬಂತು, ಪ್ರಾಜೆಕ್ಟ್ ರಿಪೋರ್ಟ್ ಬೈಂಡಾಯ್ತು.

ಸೈಟಿನಲ್ಲಿ ನೋಡಿ. ಎಷ್ಟೋ ಕಡೆ ಕೊಕ್ಕೆಯನ್ನ 90 ಡಿಗ್ರಿಗೆ ಬಗ್ಗಿಸಿ ಬಿಟ್ಟಿರ್ತಾರೆ. ಹೊರಗಿನ ಕಾಂಕ್ರೀಟ್ ಪದರ ಉದುರಿದ ಕೂಡಲೇ ಆ ಕೊಕ್ಕೆಗೆ ಹಿಡಿತ ಇರಲ್ಲ, ರಿಂಗ್ ಬಾಯಿ ತೆರೆಯುತ್ತೆ. 2016ರ ಐಎಸ್ 13920 ಸ್ಪಷ್ಟವಾಗಿ ಹೇಳುತ್ತೆ: ಕೊಕ್ಕೆ 135 ಡಿಗ್ರಿ ಬಗ್ಗಿ ಕಾಂಕ್ರೀಟಿನ ಒಳಗೆ ಹೋಗಬೇಕು, ಬಾಲ ರಿಂಗಿನ ದಪ್ಪದ ಆರು ಪಟ್ಟು, ಕನಿಷ್ಠ 65 ಮಿಲಿಮೀಟರ್. ಕಾಲಂನ ಮೇಲ್ತುದಿ, ಕೆಳತುದಿಯಲ್ಲಿ ರಿಂಗುಗಳ ನಡುವಿನ ಅಂತರ 100 ಮಿಲಿಮೀಟರ್ ದಾಟಬಾರದು.

"ನಮ್ಮೂರಾಗ ಎಲ್ಲಿ ಭೂಕಂಪರೀ?" ಅಂತೀರಾ? 2016ರ ಐಎಸ್ 1893 ಪಟ್ಟಿಯಲ್ಲಿ ಧಾರವಾಡ ಮೂರನೇ ವಲಯ. ಅಹಮದಾಬಾದೂ ಅದೇ ವಲಯ. 2001ರ ಜನವರಿ 26ರಂದು ಭೂಕಂಪ ಆಗಿದ್ದು ಕಛ್‌ನಲ್ಲಿ, ಇನ್ನೂರು ಕಿಲೋಮೀಟರಿಗೂ ದೂರ. ಆದರೂ ಅಹಮದಾಬಾದಿನಲ್ಲಿ ಕೆಳಗೆ ಪಾರ್ಕಿಂಗ್ ಬಿಟ್ಟ ಅಪಾರ್ಟ್‌ಮೆಂಟುಗಳು ಕುಸಿದವು. ನಮ್ಮಲ್ಲಿ ಈಗ ಏಳ್ತಿರೋದೂ ಅಂಥವೇ ಅಲ್ವಾ? ಭೂಕಂಪ ಬಿಡಿ, 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಸುಮ್ಮನೆ ನಿಂತಲ್ಲೇ ಕುಸಿದು 19 ಜನ ಸತ್ತರು. ಅದಕ್ಕೆ ರಿಂಗೇ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಕಾಂಕ್ರೀಟ್ ಕಟ್ಟಡ ಅಂದರೆ ಬೀಳಲ್ಲ ಅನ್ನೋ ಭಂಡ ಧೈರ್ಯ ಕನಿಷ್ಠ ಈ ಊರಿಗಾದ್ರೂ ಇರಬಾರದು.

ಬಾರ್ ಬೆಂಡರನ್ನ ಬೈಬೇಡಿ. ಅವನಿಗೆ ಕೂಲಿ ಕಬ್ಬಿಣದ ತೂಕದ ಮೇಲೆ. 135ಕ್ಕೆ ಬಗ್ಗಿಸಿದ ರಿಂಗನ್ನ ರಾಡುಗಳಿಗೆ ಇಳಿಸೋದು ಕಷ್ಟ, ಆ ಕಷ್ಟಕ್ಕೆ ಯಾರೂ ಕಾಸು ಕೊಡಲ್ಲ. ಬೈಯಬೇಕಾದ್ದು ಎಸಿ ರೂಮಿನಲ್ಲಿ ಕೂತು ಮುಚ್ಚಿದ ಚೌಕ ಎಳೆದು, ಸೈಟಿಗೆ ಹೋಗದ ನಮ್ಮಂಥ ಪದವೀಧರರನ್ನ. ಎಂಟೆಕ್ ಮಾಡೋರು ಒಂದು ಮಾಡೆಲನ್ನಾದ್ರೂ ಕೊಕ್ಕೆ ಬಿಚ್ಚಿಕೊಳ್ಳೋ ಹಾಗೆ ಮಾಡಿ ಓಡಿಸಲಿ. ಪಾಲಿಕೆಯೋರು ಪ್ರಿಂಟ್‌ಔಟ್ ಜೊತೆ ರಿಂಗಿನ ಫೋಟೋನೂ ಕೇಳಲಿ. ಮನೆ ಕಟ್ಟಿಸೋರು ಸೆಂಟ್ರಿಂಗ್ ಹಲಗೆ ಮುಚ್ಚೋ ಮುಂಚೆ ಐದು ನಿಮಿಷ ಬಗ್ಗಿ ನೋಡಲಿ. ಕಾಂಕ್ರೀಟ್ ಬಿದ್ದ ಮೇಲೆ ಯಾವ ಸಾಫ್ಟ್‌ವೇರೂ ಆ ಕೊಕ್ಕೆ ತೋರಿಸಲ್ಲ.

ಸಿವಿಲ್ ಗೆಳೆಯರು ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ, ಸ್ವಾಗತ. ಆದರೆ ಬರೋ ಮುಂಚೆ ನಿಮ್ಮ ಸೈಟಿನ ಒಂದೇ ಒಂದು ರಿಂಗ್ ನೋಡ್ಕೊಂಡು ಬನ್ನಿ!