ಮೂರಂಕದ ಎಸೆತದ ಮೇಲೆ ಹೊರಿಸಿದ ತಪ್ಪು

ಮೂರಂಕದ ಎಸೆತ, ಅಂದರೆ ಬುಟ್ಟಿಯಿಂದ 23 ಅಡಿ 9 ಅಂಗುಲ ದೂರದ ಕಮಾನುಗೆರೆಯ ಆಚೆಯಿಂದ ಹಾಕುವ ಚೆಂಡು, ಎನ್‌ಬಿಎ ಬ್ಯಾಸ್ಕೆಟ್‌ಬಾಲನ್ನು ಕೆಡಿಸಿತೆಂದೂ ತಂಡದಾಟವೇನಿದ್ದರೂ ವಿಶ್ವಕಪ್ ಫುಟ್‌ಬಾಲಿನಲ್ಲಿ ಮಾತ್ರ ಉಳಿದಿದೆಯೆಂದೂ ಪ್ರಕಟವಾಗಿರುವ ವಾದವು ಲೆಕ್ಕವನ್ನೂ ನೋಡಿಲ್ಲ, ಆಟವನ್ನೂ ನೋಡಿಲ್ಲ. ಮೂರರಲ್ಲಿ ಒಂದು ಬೀಳುವ ದೂರದ ಎಸೆತವು ಎರಡರಲ್ಲಿ ಒಂದು ಬೀಳುವ ಹತ್ತಿರದ ಎಸೆತಕ್ಕೆ ಸಮನಾಗುವುದರಿಂದ, ತರಬೇತುದಾರರು ಅದನ್ನು ಆಯ್ದುಕೊಂಡದ್ದು ಶೋಕಿಗಲ್ಲ. ಗೆರೆಯಾಚೆಯ ಗುರಿಕಾರನನ್ನು ಕಾಯಲು ಎದುರಾಳಿ ಹೊರಬಂದಾಗ ಬುಟ್ಟಿಯಡಿ ತೆರವಾಗುವ ಜಾಗಕ್ಕೆ ಚೆಂಡು ದಾಟಿಸುವುದೇ ಇಂದಿನ ಕೌಶಲ, ಮತ್ತು 2023ರಲ್ಲಿ ಡೆನ್ವರ್ ತಂಡವನ್ನು ಗೆಲ್ಲಿಸಿದ ನಿಕೊಲಾ ಯೋಕಿಚ್ ಹೆಸರಾಗಿರುವುದು ಅಂಥ ಪಾಸುಗಳಿಗೇ. ಇನ್ನು ಫುಟ್‌ಬಾಲಿನ ಮಾತು: 2022ರ ಫೈನಲ್‌ನಲ್ಲಿ, ಕೊನೆಯ ಶೂಟೌಟ್‌ಗೆ ಮೊದಲು, ಫ್ರಾನ್ಸ್ ಗಳಿಸಿದ ಮೂರೂ ಗೋಲುಗಳನ್ನು ಎಂಬಾಪೆ ಒಬ್ಬರೇ ಹೊಡೆದರು, ಅವುಗಳಲ್ಲಿ ಎರಡು, ಗೋಲಿಯೊಬ್ಬನನ್ನೇ ಎದುರಿಟ್ಟುಕೊಂಡು ಒದೆಯುವ ಪೆನಾಲ್ಟಿಗಳು.