ನೋಟ್‌ಬುಕ್ ಯಾರ ಕೈಯಲ್ಲಿದೆ?

ಡಿಗ್ರಿಯಲ್ಲಿ ಮಾನವಶಾಸ್ತ್ರ ಓದುತ್ತಿದ್ದೇನೆ ಎಂದರೆ ಎದುರಿನವರು ಮೊದಲು ಕೇಳುವುದು ‘ಹಾಗಂದ್ರೆ ಸೈಕಾಲಜಿನಾ?’ ಎಂದು. ಅಲ್ಲ ಎಂದರೆ ‘ಓಹೋ, ಐಎಎಸ್‌ಗಾ?’ ಎನ್ನುತ್ತಾರೆ. ಯುಪಿಎಸ್‌ಸಿ ಐಚ್ಛಿಕ ವಿಷಯಗಳಲ್ಲಿ ಇದಕ್ಕೆ ಬೇಡಿಕೆ ಇರುವುದು ನಿಜ. ಎಂಜಿನಿಯರಿಂಗ್ ಮುಗಿಸಿದವರೂ ಕೋಚಿಂಗ್‌ಗೆ ಸೇರಿ ಕೆಲವೇ ತಿಂಗಳಲ್ಲಿ ಓದಿ ಮುಗಿಸುತ್ತಾರೆ. ಆದರೆ ಹದಿನೆಂಟರ ವಯಸ್ಸಿನಲ್ಲಿ ಇದನ್ನು ನಿಧಾನವಾಗಿ, ಪ್ರಾಕ್ಟಿಕಲ್ ಸಮೇತ ಓದುವುದೇ ಬೇರೆ. ನಮ್ಮ ರಾಜ್ಯದಲ್ಲಿ ಆ ಅವಕಾಶ ಇರುವುದು ಬೆರಳೆಣಿಕೆಯ ಕಾಲೇಜುಗಳಲ್ಲಿ ಮಾತ್ರ. ಇದು ಬದಲಾಗಬೇಕು.

ಮನೆಯಿಂದಲೇ ಶುರು ಮಾಡೋಣ. ವಂಶಾವಳಿಯ ನಕ್ಷೆ ಬರೆಯುವುದು ನಮ್ಮ ಆರಂಭದ ಪಾಠಗಳಲ್ಲಿ ಒಂದು. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮ ಚಿಹ್ನೆ. ಸೋದರಮಾವನನ್ನೇ ಮದುವೆಯಾದ ಅಜ್ಜಿಯೊಬ್ಬರು ಮನೆಯಲ್ಲಿದ್ದರೆ ಗೆರೆಗಳು ಒಂದು ತಲೆಮಾರು ಮೇಲೆ ಹತ್ತಿ ಗೋಜಲಾಗುತ್ತವೆ. ಆಗ ಗೊತ್ತಾಗುವ ಸಂಗತಿ ಒಂದಿದೆ. ಅಪ್ಪನ ತಂಗಿ ಅತ್ತೆ, ಸೋದರಮಾವನ ಹೆಂಡತಿ ಅತ್ತೆ, ಗಂಡನ ತಾಯಿಯೂ ಅತ್ತೆ. ಕನ್ನಡದಲ್ಲಿ ಪದಗಳಿಗೇನು ಬರವೇ? ಕೊಟ್ಟು ತರುವ ಸಂಬಂಧಗಳಲ್ಲಿ ಆ ಮೂವರೂ ಒಬ್ಬರೇ ಆಗಿಬಿಡುವುದುಂಟು, ಅದಕ್ಕೇ ಒಂದು ಪದ ಸಾಕು. ಅಮೆರಿಕದ ಲೂಯಿ ಹೆನ್ರಿ ಮಾರ್ಗನ್ ಅಲ್ಲಿನ ಇರೊಕ್ವಾ ಮೂಲನಿವಾಸಿಗಳ ಸಂಬಂಧಸೂಚಕ ಪದಗಳನ್ನು ದಕ್ಷಿಣ ಭಾರತದ ಪದಗಳ ಜೊತೆ ಹೋಲಿಸಿ 1871ರಲ್ಲಿ ದಪ್ಪ ಪುಸ್ತಕವನ್ನೇ ಬರೆದ. ದಿನಾ ಬಾಯಲ್ಲಿ ಆಡುವ ಮಾತು ಪಠ್ಯದಲ್ಲಿ ಸಿಕ್ಕಿದಾಗ ಆಗುವ ಖುಷಿಯೇ ಬೇರೆ.

ಈ ಶಾಸ್ತ್ರಕ್ಕೆ ಇನ್ನೊಂದು ಮುಖವಿದೆ, ಅದನ್ನೂ ಓದುತ್ತೇವೆ. ಅದೇ 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಇಡೀ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಯ ಹಣೆಪಟ್ಟಿ ಕಟ್ಟಿದರು. 1901ರ ಜನಗಣತಿಯ ಹೊಣೆ ಹೊತ್ತಿದ್ದ ಹರ್ಬರ್ಟ್ ರಿಸ್ಲಿ ಮೂಗಿನ ಅಳತೆಯಿಂದ ಜಾತಿಯ ಮೇಲುಕೀಳು ಗೊತ್ತಾಗುತ್ತದೆ ಎಂದು ನಂಬಿದ್ದ. ಇಂದು ಪ್ರಯೋಗಾಲಯದಲ್ಲಿ ನಾವು ಪರಸ್ಪರ ತಲೆಯ ಉದ್ದ, ಅಗಲದ ಅಳತೆ ತೆಗೆಯುವಾಗ, ಆ ಕಾಲಿಪರ್‌ಗೆ ಇಂಥದ್ದೊಂದು ಇತಿಹಾಸ ಇದೆ ಎಂಬುದು ತಿಳಿದಿರಬೇಕು.

ನಮ್ಮವರೇ ಆದ ಎಂ.ಎನ್. ಶ್ರೀನಿವಾಸರ ಉದಾಹರಣೆ ಇನ್ನೂ ಹತ್ತಿರದ್ದು. 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಟಿಪ್ಪಣಿಗಳು ಸುಟ್ಟುಹೋದ ಮೇಲೆ, ಬಹುಪಾಲು ನೆನಪಿನ ಬಲದಿಂದಲೇ ‘ದಿ ರಿಮೆಂಬರ್ಡ್ ವಿಲೇಜ್’ ಬರೆದರು. ಊರ ಗೌಡರ ದನದ ಮನೆಯಲ್ಲಿ ಬಿಡಾರ ಹೂಡಿದ್ದ ಬ್ರಾಹ್ಮಣ ವಿದ್ವಾಂಸನಿಗೆ ದಲಿತರ ಕೇರಿಯ ಬದುಕು ಎಷ್ಟು ತೆರೆದುಕೊಂಡೀತು? ಈ ಮಿತಿಯನ್ನು ಅವರೂ ಬಚ್ಚಿಟ್ಟಿಲ್ಲ. ಅದೇ ಕೇರಿಯ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದಿದ್ದರೆ ಆ ಊರಿನ ಪುಸ್ತಕ ಹೇಗಿರುತ್ತಿತ್ತೋ!

ಇದು ಹಳೆಯ ಕಥೆ ಎಂದುಕೊಳ್ಳಬೇಡಿ. ‘ಕುಲಶಾಸ್ತ್ರೀಯ ಅಧ್ಯಯನ’ ಎಂಬ ಮಾತನ್ನು ನೀವು ಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿರುತ್ತೀರಿ. ಯಾವುದೇ ಸಮುದಾಯ ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಕೇಳಿದಾಗ ಸರ್ಕಾರ ಅಂಥದ್ದೊಂದು ವರದಿ ತರಿಸುತ್ತದೆ. ಅಳತೆಗೋಲು 1965ರ ಲೋಕೂರ್ ಸಮಿತಿಯದ್ದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಕೈಯಲ್ಲಿ ಮೊಬೈಲ್ ಹಿಡಿದ, ಬಸ್ಸಿನಲ್ಲಿ ಕಾಲೇಜಿಗೆ ಬರುವ ಹುಡುಗ ತನ್ನ ಜನ ‘ಆದಿಮ’ರು, ‘ಸಂಕೋಚ’ದವರು ಎಂದು ಸಾಬೀತುಮಾಡಬೇಕು! ಉತ್ತರ ಕನ್ನಡದ ಸಿದ್ದಿಯರು ಪಟ್ಟಿಗೆ ಸೇರಿದ್ದು 2003ರಲ್ಲಿ. ಅದೇ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರ ಬೇಡಿಕೆ ಬಹುಕಾಲದ್ದು. ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ, ನೌಕರಿ ಎಲ್ಲವೂ ಈ ವರದಿಗಳ ಭಾಷೆಗೆ ಅಂಟಿಕೊಂಡಿವೆ. ಆದರೆ ಆ ಭಾಷೆಯನ್ನು ಓದಿ, ‘ಈ ಮಾತು ಸರಿಯಿಲ್ಲ’ ಎನ್ನಬಲ್ಲವರು ಆ ಸಮುದಾಯಗಳೊಳಗೆ ಎಷ್ಟು ಜನ ಇದ್ದಾರೆ?

ಇದನ್ನು ಓದಿದರೆ ಕೆಲಸ ಸಿಗುತ್ತಾ ಎಂಬ ಅಪ್ಪ ಅಮ್ಮಂದಿರ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ, ಹುದ್ದೆಗಳು ಕಡಿಮೆ. ಆರೋಗ್ಯ ಯೋಜನೆ, ವಸ್ತುಸಂಗ್ರಹಾಲಯ, ಸ್ವಯಂಸೇವಾ ಸಂಸ್ಥೆಗಳಲ್ಲಿ ದಾರಿ ಇದೆಯಾದರೂ ಅದು ನೇರ ದಾರಿಯಲ್ಲ. ಹಾಗೆ ನೋಡಿದರೆ ಇತಿಹಾಸ, ಸಮಾಜಶಾಸ್ತ್ರದ ಪದವೀಧರರ ಪಾಡೂ ಇದೇ. ಆ ವಿಷಯಗಳನ್ನು ಯಾರೂ ಬಂದ್ ಮಾಡಿಸಿಲ್ಲವಲ್ಲ.

ಧಾರವಾಡ, ಮೈಸೂರಿನ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳಿವೆ. ಅಲ್ಲಿ ಓದಿದವರನ್ನೇ ನೇಮಿಸಿ ಎಚ್.ಡಿ. ಕೋಟೆ, ಹುಣಸೂರು, ಯಲ್ಲಾಪುರ, ಹಳಿಯಾಳದಂಥ ಊರುಗಳ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಈ ವಿಷಯ ಆರಂಭಿಸಬಹುದು. ಜೇನುಕುರುಬರ, ಸಿದ್ದಿಯರ ಮಕ್ಕಳು ಬಸ್ಸು ಹತ್ತಿ ಬರುವುದು ಅಲ್ಲಿಗೇ. ಇದಕ್ಕೆ ಕಂಪ್ಯೂಟರ್ ಲ್ಯಾಬಿನಷ್ಟು ಖರ್ಚಿಲ್ಲ: ಕೆಲವು ಅಳತೆಯ ಉಪಕರಣ, ತಲೆಬುರುಡೆಯ ಮಾದರಿಗಳು, ಕ್ಷೇತ್ರಕಾರ್ಯಕ್ಕೆ ಬಸ್ ಚಾರ್ಜು, ಕನ್ನಡದಲ್ಲೊಂದು ಒಳ್ಳೆಯ ಪಠ್ಯಪುಸ್ತಕ, ಇಬ್ಬರು ಕಾಯಂ ಅಧ್ಯಾಪಕರು.