ಯಾವ ಪುಟದಲ್ಲಿದೆ, ತೋರಿಸು

2014ರ ನವೆಂಬರ್ 10, ಸೋಮವಾರ. ಜಪಾನಿನ ‘ಶೋನೆನ್ ಜಂಪ್’ ವಾರಪತ್ರಿಕೆಯ ಹೊಸ ಸಂಚಿಕೆ ಕೈಗೆ ಸಿಕ್ಕಿದ್ದೇ ತಡ, ‘ನರುಟೊ’ ಚಿತ್ರಕಥೆಯ ಅಭಿಮಾನಿಗಳು ಉಳಿದೆಲ್ಲ ಪುಟಗಳನ್ನು ಬಿಟ್ಟು ಅದನ್ನೇ ಹುಡುಕಿದರು. 1999ರಲ್ಲಿ ಆರಂಭವಾದ ಆ ಧಾರಾವಾಹಿ ಅಂದು 700ನೇ ಅಧ್ಯಾಯದೊಂದಿಗೆ ಮುಗಿಯುತ್ತಿತ್ತು. ನಾಯಕ ಕೊನೆಗೆ ಊರಿನ ಮುಖ್ಯಸ್ಥನಾಗುತ್ತಾನೆ ಎಂಬುದರಲ್ಲಿ ಹೆಚ್ಚಿನವರಿಗೆ ಅನುಮಾನವಿರಲಿಲ್ಲ. ಅನುಮಾನವಿದ್ದುದು ಇನ್ನೊಂದು ವಿಷಯದಲ್ಲಿ. ಅವನು ಕೈಹಿಡಿಯುವುದು ಯಾರನ್ನು? ಹಿನಾಟಾಳನ್ನೋ, ಸಕುರಾಳನ್ನೋ?

ನಿಂಜಾಗಳು ಹೊಡೆದಾಡುವ ಕಥೆಯಲ್ಲಿ ಮದುವೆಯ ಮಾತೇಕೆ ಎಂದು ಹಿರಿಯರಿಗೆ ಅನ್ನಿಸಬಹುದು. ಇಲ್ಲಿಯೂ ಹೈಸ್ಕೂಲು, ಪಿಯುಸಿ ಓದುವ ಮಕ್ಕಳಲ್ಲಿ ಈ ಕಥೆಯ ಅಭಿಮಾನಿಗಳಿದ್ದಾರೆ. ಊಟದ ಹೊತ್ತಿನಲ್ಲಿ ಅಣ್ಣ ತಂಗಿ ಈ ಹೆಸರುಗಳನ್ನು ಹಿಡಿದು ಜಗಳವಾಡಿದರೆ, “ಪರೀಕ್ಷೆ ಹತ್ತಿರ ಬಂತು, ಇದೆಂಥ ಹುಚ್ಚು ನಿಮಗೆ?” ಎಂದು ಅಮ್ಮ ರೇಗುವುದೂ ಉಂಟು. ಆದರೆ ಆ ಜಗಳವನ್ನು ಐದು ನಿಮಿಷ ಕಿವಿಗೊಟ್ಟು ಕೇಳಿದರೆ, ಅದರಲ್ಲಿ ಒಂದು ಬಗೆಯ ಓದು ನಡೆದಿರುವುದು ಗೊತ್ತಾಗುತ್ತದೆ.

ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ನರುಟೊ ತಂದೆತಾಯಿ ಇಲ್ಲದ ತುಂಟ ಹುಡುಗ. ಊರಿನವರೆಲ್ಲ ಅವನನ್ನು ದೂರವಿಟ್ಟಿದ್ದಾರೆ. ಅವನಿಗೆ ತನ್ನ ತಂಡದ ಸಕುರಾ ಎಂದರೆ ಇಷ್ಟ. ಸಕುರಾಳಿಗೆ ಅದೇ ತಂಡದ ಸಾಸುಕೆ ಎಂದರೆ ಇಷ್ಟ. ಇನ್ನೊಂದು ತಂಡದಲ್ಲಿ ಹಿನಾಟಾ ಎಂಬ ನಾಚಿಕೆಯ ಹುಡುಗಿ ಇದ್ದಾಳೆ. ಅವಳು ನರುಟೊನನ್ನು ದೂರದಿಂದಲೇ ನೋಡುತ್ತಾಳೆ. ಇದನ್ನು ಬರೆದು ಚಿತ್ರಿಸಿದವರು ಮಸಾಶಿ ಕಿಶಿಮೊಟೊ.

ಇಂಥ ಕಥೆಗಳು ಹುಟ್ಟುವ ಬಗೆಯನ್ನೂ ತಿಳಿದಿರಬೇಕು. 1968ರಲ್ಲಿ ಆರಂಭವಾದ ‘ಶೋನೆನ್ ಜಂಪ್’ 1990ರ ದಶಕದ ನಡುವಿನಲ್ಲಿ ಒಂದು ಸಂಚಿಕೆಗೆ 65 ಲಕ್ಷ ಪ್ರತಿಗಳನ್ನು ಮುಟ್ಟಿದ ಪತ್ರಿಕೆ. ವಾರಕ್ಕೆ ಸುಮಾರು 20 ಪುಟಗಳಂತೆ ಒಂದೊಂದು ಕಥೆಯೂ ಮುಂದುವರಿಯುತ್ತದೆ. ಯಾವ ಕಥೆ ಹಿಡಿಸಿತೆಂದು ಓದುಗರು ಕಾರ್ಡಿನಲ್ಲಿ ಬರೆದು ಕಳಿಸುತ್ತಾರೆ. ಹಿಡಿಸದ ಕಥೆ ಬೇಗ ನಿಂತುಹೋಗುತ್ತದೆ. ವಾರಪತ್ರಿಕೆಯ ಧಾರಾವಾಹಿ ಕಾದಂಬರಿಗಾಗಿ ಕಾದು ಕುಳಿತ ತಾಯಂದಿರಿಗೆ ಈ ಚಡಪಡಿಕೆ ಹೊಸದಲ್ಲ. ಒಂದು ಕಂತಿಗೂ ಮುಂದಿನ ಕಂತಿಗೂ ನಡುವೆ ಏಳು ದಿನ. ಆ ಏಳು ದಿನಗಳಲ್ಲಿ ಓದುಗನಿಗಿರುವ ಕೆಲಸ ಒಂದೇ, ಊಹಿಸುವುದು.

ಊಹೆಗೆ ಆಧಾರ ಬೇಕಲ್ಲ? ಅದಕ್ಕೆ ಜಪಾನೀಯರಲ್ಲಿ ‘ಫುಕುಸೆನ್’ ಎಂಬ ಮಾತಿದೆ. ಅಡಗಿಸಿಟ್ಟ ಗೆರೆ ಎಂದು ಅದರ ಅಕ್ಷರಶಃ ಅರ್ಥ. ಮುಂದೆ ನಡೆಯಲಿರುವುದರ ಸುಳಿವನ್ನು ಲೇಖಕ ಮೊದಲೇ ಎಲ್ಲೋ ಒಂದು ಮೂಲೆಯಲ್ಲಿ ಇಟ್ಟಿರುತ್ತಾನೆ. ಕನ್ನಡದಲ್ಲಿ ಮುನ್ಸೂಚನೆ ಎನ್ನಬಹುದು. ‘ನರುಟೊ’ ಅಭಿಮಾನಿಗಳ ವಾದವೆಲ್ಲ ನಡೆದದ್ದು ಇದರ ಮೇಲೆಯೇ.

ಹಿನಾಟಾಳ ಪಕ್ಷದವರು ಪರೀಕ್ಷೆಯ ಪ್ರಸಂಗದಿಂದ ಆರಂಭಿಸುತ್ತಾರೆ. ಲಿಖಿತ ಪರೀಕ್ಷೆಯಲ್ಲಿ ಒಂದು ಉತ್ತರವೂ ಗೊತ್ತಿಲ್ಲದೆ ಬೆವರುತ್ತಿರುವ ನರುಟೊಗೆ ಪಕ್ಕದಲ್ಲಿ ಕುಳಿತ ಹಿನಾಟಾ ತನ್ನ ಹಾಳೆಯನ್ನು ತೋರಿಸಲು ಮುಂದಾಗುತ್ತಾಳೆ. ಅವನು ನಕಲು ಮಾಡುವುದಿಲ್ಲ. 98ನೇ ಅಧ್ಯಾಯದಲ್ಲಿ, ಅವಳಂಥವರೆಂದರೆ ತನಗೆ ಇಷ್ಟ ಎಂದು ನರುಟೊ ಸುಮ್ಮನೆ ಹೇಳಿಹೋಗುತ್ತಾನೆ. ಮುಂದೆ 2009ರಲ್ಲಿ ಬಂದ 437ನೇ ಅಧ್ಯಾಯದಲ್ಲಿ, ಗೆಲ್ಲಲಾರೆನೆಂದು ಗೊತ್ತಿದ್ದೂ ಹಿನಾಟಾ ಬಲಶಾಲಿ ಶತ್ರುವಿಗೆ ಎದುರು ನಿಂತು, ತನ್ನ ಪ್ರೀತಿಯನ್ನು ಬಾಯಿಬಿಟ್ಟು ಹೇಳುತ್ತಾಳೆ.

ಸಕುರಾಳ ಪಕ್ಷದವರ ಚೀಲವೂ ಬರಿದಲ್ಲ. ನಾಯಕನಿಗೆ ಮೊದಲ ಅಧ್ಯಾಯಗಳಿಂದಲೂ ಇಷ್ಟವಾದವಳು ಅವಳು. ನರುಟೊನ ತಾಯಿ ಕುಶಿನಾ, ಸಾಯುವ ಮುನ್ನ, ತನ್ನಂಥ ಹುಡುಗಿಯನ್ನೇ ಹುಡುಕಿಕೋ ಎಂದು ಹಸುಗೂಸಾದ ಮಗನಿಗೆ ಹೇಳಿದ್ದಳು. ಕುಶಿನಾ ಮುಂಗೋಪಿ, ಸಕುರಾಳೂ ಮುಂಗೋಪಿ, ಇನ್ನೇನು ಬೇಕು? ಸಾಲದ್ದಕ್ಕೆ 2013ರ ಒಂದು ಕಂತಿನಲ್ಲಿ ನರುಟೊನ ತಂದೆ ಮಿನಾಟೊ, ಮಗನ ಗೆಳತಿ ನೀನೇನಾ ಎಂದು ಸಕುರಾಳನ್ನು ಕೇಳುತ್ತಾನೆ. ನರುಟೊ ನಡುವೆ ಬಾಯಿಹಾಕಿ, ಹಾಗೇ ಅಂದುಕೊಳ್ಳಿ ಎಂಬಂತೆ ಉತ್ತರಿಸುತ್ತಾನೆ. ಆ ವಾರ ಒಂದು ಪಕ್ಷಕ್ಕೆ ಹಬ್ಬ, ಇನ್ನೊಂದಕ್ಕೆ ಸಂಕಟ.

ಕೊನೆಯ ಅಧ್ಯಾಯದಲ್ಲಿ ಹಿನಾಟಾ ನರುಟೊನ ಹೆಂಡತಿ. ಬೊರುಟೊ, ಹಿಮಾವರಿ ಎಂಬ ಇಬ್ಬರು ಮಕ್ಕಳು. ಸಕುರಾ ಸಾಸುಕೆಯನ್ನು ಮದುವೆಯಾಗಿದ್ದಾಳೆ. ವರ್ಷಗಳ ವಾದ ಕೆಲವೇ ಪುಟಗಳಲ್ಲಿ ಮುಗಿದುಹೋಯಿತು.

ಹಾಗಾದರೆ ಸೋತ ಪಕ್ಷ ತಪ್ಪಿದ್ದೆಲ್ಲಿ? ಅವರು ತೋರಿಸಿದ ಪುಟಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ತಮ್ಮ ವಿರುದ್ಧ ಹೋಗುವ ಪುಟಗಳನ್ನು ಅವರು ಅಷ್ಟೇ ಆಸಕ್ತಿಯಿಂದ ಎಣಿಸಲಿಲ್ಲ. 469ನೇ ಅಧ್ಯಾಯದಲ್ಲಿ ಸಕುರಾ ತಾನಾಗಿ ಬಂದು ಪ್ರೀತಿಸುತ್ತೇನೆಂದು ಹೇಳಿದಾಗ ನರುಟೊ ಅದನ್ನು ನಂಬುವುದಿಲ್ಲ. ತನಗೆ ತಾನೇ ಸುಳ್ಳು ಹೇಳಿಕೊಳ್ಳುವವರನ್ನು ಕಂಡರಾಗದು ಎಂದುಬಿಡುತ್ತಾನೆ. ಸಾಸುಕೆಯ ಮೇಲಿನ ಅವಳ ಮನಸ್ಸು ಬದಲಾಗಿಲ್ಲವೆಂದು ಕಥೆ ಮತ್ತೆ ಮತ್ತೆ ಹೇಳುತ್ತಲೇ ಇತ್ತು. ತಾಯಿಯ ಮಾತನ್ನೂ ಇನ್ನೊಂದು ಬಗೆಯಲ್ಲಿ ಓದಬಹುದಿತ್ತು. ಕುಶಿನಾಳಂತೆ ಎಂದರೆ ಸಿಡುಕಿನಲ್ಲೇ ಇರಬೇಕೇ? ಕುಶಿನಾ ಮಗನ ಮೇಲೆ ಬೀಳುವ ಏಟಿಗೆ ತನ್ನ ಮೈಯನ್ನೇ ಅಡ್ಡ ಕೊಟ್ಟವಳು. ಯುದ್ಧದಲ್ಲಿ ನರುಟೊಗೆ ತನ್ನ ಮೈಯನ್ನು ಅಡ್ಡ ತಂದವಳು ಹಿನಾಟಾ. ಒಂದೇ ಸಾಲು ಎರಡು ಪಕ್ಷಕ್ಕೂ ಸಾಕ್ಷಿಯಾಗಬಲ್ಲದು ಎಂದಾದರೆ, ಅದೊಂದನ್ನೇ ನೆಚ್ಚಿ ತೀರ್ಪು ಕೊಡಬಾರದು.

ಗೆದ್ದವರಿಗೂ ಒಂದು ಪ್ರಶ್ನೆ ಉಳಿಯುತ್ತದೆ. ಹಿನಾಟಾ ಮನಸ್ಸು ತೋಡಿಕೊಂಡ ಮೇಲೆ ನರುಟೊ ಅದಕ್ಕೆ ನೇರವಾಗಿ ಉತ್ತರಿಸಿದ್ದು ಯಾವ ಅಧ್ಯಾಯದಲ್ಲಿ? ಮೂಲ ಕಥೆಯಲ್ಲಿ ಅಂಥ ದೃಶ್ಯವಿಲ್ಲ. ಅವನ ಮನಸ್ಸು ಅವಳತ್ತ ತಿರುಗಿದ್ದು ಹೇಗೆಂಬುದನ್ನು ಹೇಳಿದ್ದು 2014ರ ಡಿಸೆಂಬರ್ 6ರಂದು ಬಿಡುಗಡೆಯಾದ ‘ದಿ ಲಾಸ್ಟ್’ ಎಂಬ ಚಲನಚಿತ್ರ. ಸುಳಿವು ಕೊಡುವುದು ಬೇರೆ, ಮನಸ್ಸು ಬೆಳೆಯುವುದನ್ನು ತೋರಿಸುವುದು ಬೇರೆ. ಮೊದಲನೆಯದನ್ನು ಮಾಡಿದ ಕಥೆ ಎರಡನೆಯದನ್ನೂ ಮಾಡಿದೆ ಎಂದು ತಿಳಿಯಬೇಕಾಗಿಲ್ಲ. ತಮ್ಮ ಪಕ್ಷ ಗೆದ್ದರೂ ಈ ಕೊರತೆಯನ್ನು ಒಪ್ಪಿಕೊಳ್ಳುವವರು ಒಳ್ಳೆಯ ಓದುಗರು.

ಇನ್ನೊಂದು ತೊಡಕೂ ಇದೆ. ವಾರವಾರ ಬರೆಯುವ ಲೇಖಕ ಹಳೆಯ ಕಂತನ್ನು ತಿದ್ದಲಾರ. ಹತ್ತು ವರ್ಷದ ಹಿಂದಿನ ಒಂದು ಸಣ್ಣ ಮಾತನ್ನು ಆಮೇಲೆ ಎತ್ತಿಕೊಂಡು ಕಥೆಗೆ ಹೆಣೆಯಬಲ್ಲ. ಬೇಡವಾದರೆ ಅಲ್ಲೇ ಬಿಡಬಲ್ಲ. ಹಾಗಾಗಿ ಒಂದು ಮಾತು ಮುನ್ಸೂಚನೆಯೇ ಅಲ್ಲವೇ ಎಂಬುದು ಕೆಲವೊಮ್ಮೆ ಕಥೆ ಮುಗಿದ ಮೇಲೆಯೇ ಗೊತ್ತಾಗುವುದು. ಅಲ್ಲಿಯವರೆಗೆ ‘ಹೀಗಿರಬಹುದು’ ಎನ್ನಬೇಕೇ ಹೊರತು ‘ಹೀಗೇ’ ಎನ್ನಬಾರದು.

ಓದುಗರ ಈ ಹಟ ಜಪಾನಿನಲ್ಲಿ ಹುಟ್ಟಿದ್ದೇನೂ ಅಲ್ಲ. ಅಮೆರಿಕದ ಲೂಯಿಸಾ ಮೇ ಆಲ್ಕಾಟ್ ಬರೆದ ‘ಲಿಟಲ್ ವಿಮೆನ್’ ಕಾದಂಬರಿಯ ಮೊದಲ ಭಾಗ 1868ರಲ್ಲಿ ಬಂದಾಗ, ಹುಡುಗಿಯರು ಆಕೆಗೆ ಪತ್ರ ಬರೆದು ಯಾರು ಯಾರನ್ನು ಮದುವೆಯಾಗುತ್ತಾರೆಂದು ಕೇಳತೊಡಗಿದರು. ಜೋ ಪಕ್ಕದ ಮನೆಯ ಲಾರಿಯನ್ನು ಮದುವೆಯಾಗಲೆಂಬುದು ಅವರ ಆಸೆ. ಯಾರನ್ನೋ ಮೆಚ್ಚಿಸಲು ತಾನು ಹಾಗೆ ಮಾಡುವುದಿಲ್ಲ ಎಂದು ಆಲ್ಕಾಟ್ ದಿನಚರಿಯಲ್ಲಿ ಬರೆದಿಟ್ಟರು. 1869ರ ಎರಡನೆಯ ಭಾಗದಲ್ಲಿ ಲಾರಿ ಕೇಳಿದಾಗ ಜೋ ಒಲ್ಲೆ ಎಂದಳು. ಮುಂದೆ ಅವಳಿಗೆ ಜೊತೆಯಾದದ್ದು ವಯಸ್ಸಿನಲ್ಲಿ ಹಿರಿಯನಾದ ಪ್ರೊಫೆಸರ್ ಭೇರ್. ಅದು ಸರಿಯೋ ತಪ್ಪೋ ಎಂದು ಇಂದಿಗೂ ಓದುಗರು ವಾದಿಸುತ್ತಾರೆ.

ವಿದ್ಯಾರ್ಥಿಗಳು ಇಲ್ಲಿಂದ ತೆಗೆದುಕೊಳ್ಳಬಹುದಾದ ಅಭ್ಯಾಸ ಸರಳವಾದದ್ದು. ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ತಮ್ಮ ಊಹೆಯನ್ನು ಬಲಪಡಿಸುವ ಪುಟಗಳನ್ನು, ಬಲಕ್ಕೆ ಅದನ್ನು ಅಲುಗಾಡಿಸುವ ಪುಟಗಳನ್ನು ಬರೆಯಬೇಕು. ಬಲಭಾಗ ಖಾಲಿ ಉಳಿದರೆ ಊಹೆ ಗಟ್ಟಿಯಾಗಿದೆ ಎಂದಲ್ಲ, ಹುಡುಕಾಟ ಅರೆಬರೆಯಾಗಿದೆ ಎಂದೇ ತಿಳಿಯಬೇಕು. ಆ ದೃಶ್ಯ ಬರೀ ತಮಾಷೆಗಾಗಿ ಬಂದದ್ದಿರಬಹುದೇ? ಅದೇ ಸುಳಿವು ಬೇರೆಲ್ಲಾದರೂ ಮತ್ತೆ ಬಂದಿದೆಯೇ? ಹೀಗೆ ಕೇಳಿಕೊಳ್ಳಲು ಕಲಿತವರಿಗೆ ಪಠ್ಯದ ಪದ್ಯಕ್ಕೆ ಸಾರಾಂಶ ಬರೆಯುವಾಗಲೂ ಇತಿಹಾಸದ ಪ್ರಶ್ನೆಗೆ ಕಾರಣ ಕೊಡುವಾಗಲೂ ಅದು ಕೈಹಿಡಿಯುತ್ತದೆ. ಊಹೆ ತಪ್ಪಾದಾಗ ಲೇಖಕನನ್ನೂ ಎದುರು ಪಕ್ಷದವರನ್ನೂ ಬೈಯದೆ, ಹಾಳೆಯನ್ನು ಮತ್ತೊಮ್ಮೆ ನೋಡುವ ತಾಳ್ಮೆಯೂ ಅದರಿಂದಲೇ ಬರುತ್ತದೆ.

ತಂದೆತಾಯಂದಿರಿಗೂ ಒಂದು ಕೆಲಸವಿದೆ. ಓದಿನ ವೇಳೆ ಓದಿಗೇ ಇರಲಿ, ಅದರಲ್ಲಿ ರಾಜಿ ಬೇಡ. ಆದರೆ ಮುಂದಿನ ಸಲ ಊಟದ ಹೊತ್ತಿನಲ್ಲಿ ಈ ಜಗಳ ಎದ್ದರೆ ಗದರಿಸುವ ಮೊದಲು ಒಂದು ಪ್ರಶ್ನೆ ಕೇಳಿ ನೋಡಿ. “ಹಾಗಂತ ಯಾವ ಪುಟದಲ್ಲಿದೆ, ತೋರಿಸು.” ಮಗ ಎದ್ದು ಪುಸ್ತಕ ತರಲು ಓಡುತ್ತಾನೆ. ಅವನು ತರುವಷ್ಟರಲ್ಲಿ ಮಗಳು, “ಅದರ ಮುಂದಿನ ಪುಟಾನೂ ಓದು ಅಂತ ಅವನಿಗೆ ಹೇಳಮ್ಮ” ಎಂದರೆ, ಅವಳ ಮಾತನ್ನೂ ಕೇಳಿ.